ಗುಣಪಾಲ ಮಾಸ್ತರರ ಮೂರನೇ ವರ್ಷ

ತಮ್ಮ ತಂಡದ ಕೀರ್ತನ್ ಕಾಲೇಜಿನ ಮೂರನೇ ವರ್ಷಕ್ಕೆ ಬರುವುದಿಲ್ಲ ಎಂದು ಕೇಳಿದ ದಿನ ಗುಣಪಾಲ ಮಾಸ್ತರರು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಸಿಟ್ಟು ಬಂದರೆ ಅವರಿಗೆ ಅನ್ನ ಇಳಿಯುವುದಿಲ್ಲ. ೨೦೦೬ರಲ್ಲಿ ಅವರು ಹಾಗೆ ಬಿಟ್ಟ ಊಟ ಒಂದೆರಡಲ್ಲ.

ಕಾರ್ಕಳದ ಈ ಮನುಷ್ಯ ದುಬೈಗೆ ಬಂದದ್ದು ಅಲ್ ಕೂಜ್‌ನ ವರ್ಕ್‌ಶಾಪೊಂದರ ಟೈಮ್‌ಕೀಪರ್ ಆಗಿ. ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಹತ್ತು ವರ್ಷ ಕಂಡವರ ಹಾಜರಿ ಬರೆದು ಬೇಸತ್ತಿದ್ದಾಗ, ಭಾರತೀಯರ ಸಣ್ಣ ಕಾಲೇಜೊಂದಕ್ಕೆ ಆಟದ ಮಾಸ್ತರರು ಬೇಕೆಂದು ತಿಳಿದು ಹಿಂದೆಮುಂದೆ ನೋಡದೆ ಸೇರಿಕೊಂಡರು. ಅಂಕಣದ ಗೆರೆಗಳನ್ನು ಜೂನ್ ತಿಂಗಳ ಬಿಸಿಲಲ್ಲಿ ತಾವೇ ಕೂತು ಎಳೆದರು.

ಅವರದೊಂದು ಕ್ರಮವಿತ್ತು. ಮೂರನೇ ವರ್ಷದ ಪ್ರತಿಯೊಬ್ಬನೂ ಮೊದಲ ವರ್ಷದ ಒಬ್ಬನಿಗೆ, ಓಡಿ ಬಂದು ಎಡಗೈಯಲ್ಲಿ ಬುಟ್ಟಿಗೆ ಚೆಂಡು ಹಾಕುವುದನ್ನು ಕಲಿಸಬೇಕು. ಮಾಸ್ತರರು ಹೇಳಿದ್ದಕ್ಕೆ ಹುಡುಗರು ಬರೀ ತಲೆಯಾಡಿಸುತ್ತಾರೆ, ಜೊತೆಗೆ ಆಡುವವನು ತೋರಿಸಿದರೆ ಕಲಿಯುತ್ತಾರೆ. ಕೀರ್ತನ್ ಹಾಗೆ ಕಲಿತವನು.

ಈಗ ಕಲಿಸಬೇಕಾದವರೇ ಇಲ್ಲ! ಸ್ವಲ್ಪ ಚೆನ್ನಾಗಿ ಆಡಿದ ಹುಡುಗನನ್ನು ಸಂಬಳದ ಕ್ಲಬ್ಬುಗಳು ಎರಡನೇ ವರ್ಷಕ್ಕೇ ಎತ್ತಿಕೊಂಡು ಹೋಗುತ್ತಿದ್ದವು. ಅಂತರಕಾಲೇಜು ಪಂದ್ಯಗಳಲ್ಲಿ ಎರಡೂ ಕಡೆ ಆಡುವವರು ನಿನ್ನೆ ಮೊನ್ನೆ ಬಂದ ಮಕ್ಕಳು. ಬೆಳೆಸುವ ಕಷ್ಟ ಕಾಲೇಜಿಗೆ, ಕೊಯ್ಲು ಕ್ಲಬ್ಬಿಗೆ. ಯಾವ ನ್ಯಾಯ ಇದು? ಮಾಸ್ತರರ ಎದೆಯಲ್ಲಿ ಇನ್ನೊಂದು ಮುಳ್ಳೂ ಇತ್ತು. ಹೆಮ್ಮೆ ತಡೆಯಲಾರದೆ, “ನನ್ನ ಹುಡುಗನನ್ನು ಒಮ್ಮೆ ಬಂದು ನೋಡಿ” ಎಂದು ಈಗ ಕೀರ್ತನ್‌ನನ್ನು ಎತ್ತಿಕೊಂಡ ಕ್ಲಬ್ಬಿನ ಮ್ಯಾನೇಜರನಿಗೆ ಫೋನ್ ಮಾಡಿದವರು ಅವರೇ.

ಅಂದೇ ಸಂಜೆ ಕೀರ್ತನ್‌ನ ತಂದೆ ಮೋಹನದಾಸರ ಮನೆಗೆ ಹೋದರು.

“ಕಾಲೇಜಿಗೆ ನಾವು ಫೀಸ್ ಕಟ್ಬೇಕು ಮಾಸ್ಟ್ರೇ, ಕ್ಲಬ್ಬಿನವರು ಅವನಿಗೇ ಸಂಬಳ ಕೊಡ್ತಾರೆ. ಬೇಡ ಅಂತ ಹೇಗೆ ಹೇಳುದು?”

“ಓದ್ತಾ ಇರುವವರೆಗೆ ಅವ ನಿಮ್ಮ ವೀಸಾದಲ್ಲಿ ಉಂಟು ಮಾರಾಯ್ರೆ. ನಾಳೆ ಕ್ಲಬ್ಬಿನ ವೀಸಾಕ್ಕೆ ಹೋದ, ಮೊಣಕಾಲು ಹಾಳಾಯ್ತು ಅಂತ ಇಟ್ಕೊಳ್ಳಿ. ಆಮೇಲೆ ಎಂತ?”

“ಅಪಶಕುನ ಮಾತಾಡ್ಬೇಡಿ.”

“ಒಂದೇ ಒಂದು ವರ್ಷ! ಡಿಗ್ರಿ ಕೈಗೆ ಬರ್ಲಿ, ಮತ್ತೆ ಹೋಗ್ಲಿ.”

“ಸರ್, ಈ ಚಾನ್ಸ್ ಮತ್ತೆ ಬರ್ಲಿಕ್ಕಿಲ್ಲ,” ಎಂದ ಕೀರ್ತನ್, ನೆಲ ನೋಡುತ್ತಾ. ಅವನು ಹೋದ.

ಆ ವರ್ಷ ಕಾಲೇಜು ತಂಡ ಆಡಿದ ಆಟವೆಲ್ಲ ಸೋತಿತು. ಮಾಸ್ತರರು ಒಮ್ಮೆ ಹುಡುಗರನ್ನು ಕಟ್ಟಿಕೊಂಡು ಕ್ಲಬ್ಬಿನ ಪಂದ್ಯ ನೋಡಲು ಹೋದರೆ, ಕೀರ್ತನ್ ಕೊನೆಯವರೆಗೂ ಬೆಂಚಿನ ಮೇಲೆ ಟವೆಲ್ ಹಿಡಿದು ಕೂತಿದ್ದ. ಫೆಬ್ರವರಿಯಲ್ಲಿ ಅಭ್ಯಾಸದ ವೇಳೆ ಅವನ ಮೊಣಕಾಲು ತಿರುಚಿತು. ಮಾರ್ಚಿನಲ್ಲಿ ಕ್ಲಬ್ಬು ವೀಸಾ ರದ್ದು ಮಾಡಿತು. ಹುಟ್ಟಿ ಬೆಳೆದ ದುಬೈಯನ್ನು ತಿಂಗಳೊಳಗೆ ಬಿಡಬೇಕು. ಕಾಲೇಜಿನ ಕಚೇರಿಯಲ್ಲಿ, ಸೆಪ್ಟೆಂಬರ್‌ವರೆಗೆ ಸೇರ್ಪಡೆ ಇಲ್ಲ ಎಂದರು. ಕಾಲೇಜಿಗೆ ಸೇರದೆ ತಂದೆಯ ವೀಸಾಕ್ಕೂ ಮರಳುವಂತಿಲ್ಲ.

ಕುಂಟುತ್ತಾ ಅಂಕಣಕ್ಕೆ ಬಂದ ಅವನನ್ನು ಕಂಡು ಮಾಸ್ತರರು ಕೈಯಲ್ಲಿದ್ದ ಚೆಂಡನ್ನು ಹುಡುಗರತ್ತ ಎಸೆದು ಹತ್ತಿರ ಬಂದರು.

“ಎಷ್ಟು ದಿನ ಉಂಟು?”

“ಹತ್ತೊಂಬತ್ತು, ಸರ್.”

“ಹಾಗಾದ್ರೆ ಹತ್ತೊಂಬತ್ತು ಸಂಜೆ. ನಿನ್ನ ಮೂರನೇ ವರ್ಷ ಮುಗಿಸಿ ಹೋಗು.” ಮೊದಲ ವರ್ಷದ ಗುರುದತ್ತನನ್ನು ಕರೆದು ಅವನ ಮುಂದೆ ನಿಲ್ಲಿಸಿದರು.

ಕೀರ್ತನ್‌ಗೆ ಓಡಲಾಗುತ್ತಿರಲಿಲ್ಲ. ಬುಟ್ಟಿಯ ಕೆಳಗೆ ಕುರ್ಚಿ ಹಾಕಿ ಕೂತು, ಗುರುದತ್ತನ ಹೆಜ್ಜೆ ಎಣಿಸಿದ, ಬೈದ, ಮತ್ತೆ ಮಾಡಿಸಿದ. ಹತ್ತೊಂಬತ್ತನೆಯ ಸಂಜೆ ಗುರುದತ್ತ ಎಡಗೈಯಲ್ಲಿ ಸಾಲಾಗಿ ಆರು ಚೆಂಡು ಹಾಕಿದ. ಬೇಲಿಯ ಆಚೆ ಯಾರೋ ಚಪ್ಪಾಳೆ ತಟ್ಟಿದರು. ಅದೇ ಕ್ಲಬ್ಬಿನ ಮ್ಯಾನೇಜರ್! ಈ ಸಲ ಯಾರೂ ಫೋನ್ ಮಾಡಿ ಕರೆದಿರಲಿಲ್ಲ. ಆ ಹುಡುಗನ ಹೆಸರೇನು ಎಂದು ಹಿಂದಿಯಲ್ಲಿ ಕೇಳಿದ.

ಮಾಸ್ತರರು ಕುರ್ಚಿಯತ್ತ ಬೆರಳು ಮಾಡಿದರು. “ಮೊದಲು ಇವನ ಹೆಸರು ಹೇಳಿ,” ಎಂದರು ಹಿಂದಿಯಲ್ಲೇ.

ಮ್ಯಾನೇಜರ್ ಕಣ್ಣು ಕಿರಿದು ಮಾಡಿ ನೋಡಿದ. “ನಮ್ಮ ಹನ್ನೊಂದನೇ ನಂಬರ್ ಅಲ್ವಾ?” ಎಂದ. ಹೆಸರು ಬರಲಿಲ್ಲ.

“ಖಲಾಸ್,” ಎಂದು ಮಾಸ್ತರರು ಗೇಟಿನ ಚಿಲಕ ಹಾಕಿದರು.

“ಯಲ್ಲಾ, ನಡಿ ಗುರುದತ್ತ, ಇನ್ನೊಮ್ಮೆ,” ಎಂದ ಕೀರ್ತನ್, ಆ ಕಡೆ ನೋಡದೆ. ಅವನ ವಿಮಾನ ಮರುದಿನ ಬೆಳಿಗ್ಗೆ ಇತ್ತು.