ಆಟದ ರೈಲಿಗೆ ಕಾವಲು ಕೂತ ಮೂಗು

ಹೊಸ ಬ್ರೇಕರ್‌ಗೆ ಒಂದು ಹೊತ್ತಿನ ಊಟದ ದುಡ್ಡು. ಅದನ್ನು ಕೂರಿಸುವ ಕೂಲಿ ಎರಡು ಹೊತ್ತಿನದು. ಹಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರನ್ನೇ ಹೊಸದು ಕೊಳ್ಳುತ್ತೇನೆಂದರೆ ಈ ಕೋಣೆಯ ಒಂದು ತಿಂಗಳ ಬಾಡಿಗೆ. ಆಟದ ರೈಲಿಗೆ ಇಷ್ಟೊಂದೇ ಎಂದು ಕೇಳುವವರು ಕೇಳುತ್ತಾರೆ, ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಆದರೂ ಕೆಲವರು ಹಳೆಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ. ಅಪ್ಪ ಓಡಿಸಿದ ರೈಲನ್ನು ಮೊಮ್ಮಗಳು ಓಡಿಸಲಿ ಎಂಬ ಆಸೆ ಅವರದು.

ಈಗಷ್ಟೇ ಬೆಳಕು ಹರಿಯುತ್ತಿದೆ. ಕೆಳಗಿನ ಲೇತ್ ಅಂಗಡಿ ಇನ್ನೂ ತೆರೆದಿಲ್ಲ. ಅದು ಶುರುವಾದರೆ ವೋಲ್ಟೇಜ್ ಕುಣಿದು ಅಳತೆ ತಪ್ಪುತ್ತದೆ. ಅದಕ್ಕೇ ಇಲ್ಲಿ ರಿಪೇರಿ ಮಾಡುವ ಅಕ್ಕನ ಪರೀಕ್ಷೆಗಳೆಲ್ಲ ಈ ಹೊತ್ತಿಗೇ ಮುಗಿಯಬೇಕು. ಬೀದಿಯ ಮಕ್ಕಳು ಇವರನ್ನು ಕರೆಯುವುದು ಫ್ಯೂಸಕ್ಕ ಎಂದು. "ಫ್ಯೂಸ್ ಒಂದು ಸಲ ಸುಟ್ಟರೆ ಮುಗೀತು. ನಾನು ಹಾಕೋದು ಬ್ರೇಕರ್, ಅದು ಬಿದ್ದರೂ ಎದ್ದು ಕೂರುತ್ತೆ. ಹೇಳಿ ಹೇಳಿ ನಾಲಿಗೆ ಸವೀತು. ಈಗ ಫ್ಯೂಸಕ್ಕ ಅಂದ್ರೂ ಓ ಅಂತೀನಿ."

ರೈಲು ಹಳಿ ತಪ್ಪಿ ಅಡ್ಡ ಬಿದ್ದರೆ ಎರಡೂ ಹಳಿಗಳಿಗೆ ತಾಗಿ ಕರೆಂಟು ಒಮ್ಮೆಗೇ ನುಗ್ಗುತ್ತದೆ. ಅದನ್ನು ತಡೆಯುವುದು ಬ್ರೇಕರ್. ಒಳಗಿರುವುದು ಉಗುರಿನಗಲದ ಲೋಹದ ಪಟ್ಟಿ, ಬಿಸಿಯಾದರೆ ಬಾಗಿ ದೂರ ಸರಿಯುತ್ತದೆ. ಬಾಗಿ ಬಾಗಿ ವಯಸ್ಸಾದ ಮೇಲೆ ಅದಕ್ಕೂ ಸೊಂಟ ಹೋಗುತ್ತದೆ. ಅಕ್ಕ ಹಳೆಯದನ್ನು ಕಿತ್ತು, ಅದೇ ಅಳತೆಯ ಹೊಸದನ್ನು ಬೆಸುಗೆ ಹಾಕುತ್ತಾರೆ. ಆಮೇಲೆ ಬೇಕೆಂದೇ ದಪ್ಪ ತಂತಿಯಿಂದ ಹಳಿಗೆ ಹೋಗುವ ಎರಡು ತುದಿಗಳನ್ನು ಕೂಡಿಸುತ್ತಾರೆ. ಟಿಕ್ ಎಂದು ಸದ್ದಾಗಿ ಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತದೆ. ಎರಡು ದಿನಕ್ಕೊಂದು ಪೆಟ್ಟಿಗೆ ಸಿದ್ಧವಾಗುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಪೆಟ್ಟಿಗೆಯೊಳಗಿನ ತಂತಿಯ ಸುತ್ತುಗಳೇ ಹಳತಾಗಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಲಿನ ಕಾವು ಸುತ್ತುಗಳ ಹೊರಗಿರುವ ಬ್ರೇಕರ್‌ಗೆ ತಿಳಿಯುವುದಿಲ್ಲ. ಬ್ರೇಕರ್ ಗಟ್ಟಿಯಾಗಿಯೇ ಇರುತ್ತದೆ, ಪೆಟ್ಟಿಗೆ ಒಳಗೊಳಗೇ ಬೇಯುತ್ತಿರುತ್ತದೆ. ಅದನ್ನು ಹಿಡಿಯಲು ಅಕ್ಕನಿಗೆ ಗೊತ್ತಿರುವ ದಾರಿ ಒಂದೇ. ಪೆಟ್ಟಿಗೆಯನ್ನು ಅರ್ಧ ಗಂಟೆ ಓಡಲು ಬಿಟ್ಟು ಮೂಸುವುದು. ಕೆಟ್ಟಿದ್ದರೆ ವಾರ್ನಿಷ್ ಸುಡುವ ವಾಸನೆ ಬರುತ್ತದೆ.

ಈ ವಿದ್ಯೆ ಗಂಡನದು. ಅವರು ಎದೆನೋವಿನಿಂದ ತೀರಿಕೊಂಡಾಗ, ಅವರ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದ್ದಷ್ಟೇ ಅಕ್ಕನ ಬಂಡವಾಳ. ಎರಡು ವರ್ಷದ ಕೆಳಗೆ ಜ್ವರ ಬಂದು ಅಕ್ಕನ ಮೂಗು ಸತ್ತುಹೋಯಿತು. ಈಗ ಅನ್ನ ಸೀದರೂ ಗೊತ್ತಾಗುವುದಿಲ್ಲ. ಅಂದಿನಿಂದ ಮೂಸುವ ಕೆಲಸ ಅತ್ತೆಯದು. ಎಂಬತ್ತು ದಾಟಿದ ಆಕೆ ಗೋಡೆಗೆ ದಿಂಬು ಒರಗಿಸಿಕೊಂಡು ಮೇಜಿನ ತುದಿಯಲ್ಲೇ ಕೂರುತ್ತಾರೆ.

"ಬರೆಯೋರೇ, ಇದನ್ನೂ ಬರ್ಕೊಳ್ಳಿ," ಎನ್ನುತ್ತಾರೆ ಈ ಅಜ್ಜಿ, ಪತ್ರಿಕೆಗೆ ಬರೆಯಲು ಬಂದಿರುವ ನನಗೆ. "ಮೂಗು ಉದ್ದ ಅಂತ ನನ್ನನ್ನ ಇಬ್ಬರು ಗಂಡುಗಳು ಬೇಡ ಅಂದಿದ್ರು. ಈಗ ಆ ಮೂಗೇ ಮನೆ ನಡೆಸ್ತಿದೆ."

"ಮೂಗು ನಡೆಸುತ್ತೆ, ಬಾಯಿ ಕೆಡಿಸುತ್ತೆ. ಗಿರಾಕಿ ಮುಂದೆ ಸ್ವಲ್ಪ ಸುಮ್ಮನಿರಿ ಅತ್ತೆ."

"ನಾನು ಸುಮ್ಮನಿದ್ರೆ ನೀನು ಎಲ್ಲರಿಗೂ ಅರ್ಧ ಕೂಲಿ ಬಿಟ್ಟು ಕಳಿಸ್ತೀಯಲ್ಲೇ."

ಮೇಜಿನ ಮೇಲೆ ಬೂದು ಬಣ್ಣದ ಪೆಟ್ಟಿಗೆಯೊಂದು ಗುಂಯ್‌ಗುಡುತ್ತಿದೆ. ಬ್ರೇಕರ್ ಪರೀಕ್ಷೆಯಲ್ಲಿ ಪಾಸಾಗಿದೆ. ಅಜ್ಜಿ ಬಾಗಿ, ಕಣ್ಣು ಮುಚ್ಚಿ ಮೂಸುತ್ತಾರೆ. ಸೊಸೆಯ ಕಡೆ ನೋಡುತ್ತಾರೆ. "ಏನೂ ಇಲ್ಲ. ಚೊಕ್ಕವಾಗಿದೆ. ಕಟ್ಟು."

ಅಕ್ಕ ಟವೆಲಿಗೆ ಕೈ ಹಾಕುತ್ತಾರೆ. ಬಾಗಿಲ ಬಳಿ ಕೂತ ನನ್ನ ಮೂಗಿಗೆ ಅಷ್ಟರಲ್ಲಿ ಅರಗು ಕರಗಿದಂಥ ಘಾಟು ತಾಗುತ್ತದೆ. ಕೆಳಗಿನ ಬೀದಿಯದಿರಬಹುದು ಎಂದುಕೊಂಡೇ ಕೇಳುತ್ತೇನೆ: "ಏನೋ ಸುಡ್ತಿರೋ ಹಾಗಿದೆಯಲ್ಲ?"

ಅಕ್ಕನ ಕೈ ನಿಲ್ಲುತ್ತದೆ. ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯುತ್ತಾರೆ. ತಂತಿಗೆ ಸುತ್ತಿದ ಕಾಗದ ಒಂದು ಬದಿ ಕಂದಿ ಕಪ್ಪಾಗಿದೆ. ಒಂದು ಎಳೆ ಹೊಗೆ ಏಳುತ್ತಿದೆ.

"ಅತ್ತೆ, ಯಾವಾಗಿಂದ?"

ಅಜ್ಜಿ ದಿಂಬಿನ ಅಂಚನ್ನು ಹೊಸೆಯುತ್ತಾರೆ. "ಚಳಿ ಶುರುವಾದಾಗ ನೆಗಡಿ ಆಯ್ತಲ್ಲ. ನೆಗಡಿ ಹೋಯ್ತು. ಮೂಗು ವಾಪಸ್ ಬರಲಿಲ್ಲ."

"ಮತ್ತೆ ಇಷ್ಟು ದಿನ ಹೇಗೆ ಹೇಳ್ತಿದ್ರಿ?"

"ನಿನ್ನ ಮುಖ ನೋಡಿ. ನಿನಗೆ ಸರಿ ಅನ್ನಿಸಿದ್ದನ್ನ ಸರಿ ಅಂದೆ."

ಅಕ್ಕ ಅತ್ತೆಯ ಮೂಗನ್ನು ನಂಬಿದ್ದರು, ಅತ್ತೆ ಸೊಸೆಯ ಮುಖವನ್ನು. ಮೂರು ತಿಂಗಳಿನಿಂದ ಈ ಮೇಜಿನ ಮೇಲೆ ಯಾರೂ ಏನನ್ನೂ ಮೂಸಿಲ್ಲ. ಅಷ್ಟರಲ್ಲಿ ನಲವತ್ತರ ಹತ್ತಿರ ಪೆಟ್ಟಿಗೆಗಳು ಸರಿಯಾಗಿವೆ ಎಂಬ ಮಾತು ಹೊತ್ತು ಮನೆಮನೆ ಸೇರಿವೆ.

"ಮೂಗೂ ಹೋಯ್ತು ಅಂದ್ರೆ ನನ್ನನ್ನ ಯಾತಕ್ಕೆ ಇಟ್ಕೋತೀಯ ಅನ್ನಿಸ್ತು ಕಣೇ," ಎನ್ನುತ್ತಾರೆ ಅಜ್ಜಿ.

ಅಕ್ಕ ಫೋನು ಕೈಗೆತ್ತಿಕೊಳ್ಳುತ್ತಾರೆ. ಮೊದಲ ಕರೆ ಒಬ್ಬ ನಿವೃತ್ತ ಗುಮಾಸ್ತರಿಗೆ. ಅವರ ಮನೆಯಲ್ಲಿ ಹಳಿ ಹಾಸಿರುವುದು ಮೊಮ್ಮಗಳು ಮಲಗುವ ಕೋಣೆಯಲ್ಲಿ. "ಸಾರ್, ನಾನು. ರೈಲಿನ ಪ್ಲಗ್ ಈಗಲೇ ಕಿತ್ತುಬಿಡಿ... ಇಲ್ಲ, ಆಮೇಲೆ ಬೇಡ, ಫೋನು ಇಡದೇ ಹೋಗಿ ಕೀಳಿ, ನಾನು ಕಾಯ್ತೀನಿ... ಕಿತ್ತಿರಾ? ನಾನು ಸರಿಯಾಗಿ ನೋಡದೇ ಕೊಟ್ಟಿದ್ದೆ. ತಪ್ಪು ನನ್ನದೇ." ಅತ್ತೆಯ ಹೆಸರು ಎತ್ತುವುದಿಲ್ಲ. ಮಧ್ಯಾಹ್ನದವರೆಗೂ ಇದೇ ಮಾತು, ಬೇರೆ ಬೇರೆ ಬೈಗುಳಗಳ ನಡುವೆ. ಹೆಚ್ಚಿನ ಕೆಲಸ ಕಳಿಸುತ್ತಿದ್ದ ಆಟಿಕೆ ಅಂಗಡಿಯವರು ಮಾತ್ರ ಬೈಯುವುದಿಲ್ಲ. "ಆಯ್ತು, ಇನ್ನು ಕಳಿಸಲ್ಲ," ಎಂದಷ್ಟೇ ಹೇಳಿ ಇಡುತ್ತಾರೆ.

ಹತ್ತು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ವಾಪಸ್ ಬಂದ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಸಾಲಾಗಿವೆ. ಮುಂಜಾನೆ ಬಂದು ಮೂಸಿ ಹೋಗಲು ಕೆಳಗಿನ ಲೇತ್ ಅಂಗಡಿಯವನ ಹೆಂಡತಿಯನ್ನು ಅಕ್ಕ ಕಾಡಿಬೇಡಿ ಒಪ್ಪಿಸಿದ್ದಾರೆ. ಅವಳ ಕೂಲಿ ಅಕ್ಕನ ಕೈಯಿಂದಲೇ. ಬಂದವುಗಳಲ್ಲಿ ಐದು ಒಳಗೆ ಬೆಂದಿವೆ, ಅವುಗಳಲ್ಲಿ ಗುಮಾಸ್ತರದೂ ಒಂದು. ಅಜ್ಜಿ ಒಳಕೋಣೆಯಲ್ಲಿದ್ದಾರೆ. ಕರೆದರೂ ಮೇಜಿನ ಬಳಿಗೆ ಬರುತ್ತಿಲ್ಲ.

"ನನ್ನ ಬಗ್ಗೆ ದೊಡ್ಡದಾಗಿ ಏನೂ ಬರೀಬೇಡಿ," ಎನ್ನುತ್ತಾರೆ ಅಕ್ಕ. "ಇಬ್ಬರು ಸಿಕ್ಕಿಲ್ಲ. ಒಬ್ಬರ ಫೋನ್ ನಂಬರು ಬದಲಾಗಿದೆ, ಇನ್ನೊಬ್ಬರು ನಂಬರೇ ಕೊಟ್ಟಿರಲಿಲ್ಲ. ಒಂದು ಹಸಿರು ಪೆಟ್ಟಿಗೆ, ಹಿಡಿಯ ತುದಿ ಒಡೆದಿದೆ. ಇನ್ನೊಂದು ಕಪ್ಪು, ಮುಚ್ಚಳದ ಮೇಲೆ ಯಾವುದೋ ಮಗು ನಕ್ಷತ್ರ ಕೊರೆದಿದೆ. ಓದಿದವರು ಪ್ಲಗ್ ಕಿತ್ತಿಡಲಿ. ಅಷ್ಟು ಬರೀರಿ ಸಾಕು."

ಅಷ್ಟನ್ನು ಬರೆದಿದ್ದೇನೆ. ತಿಳಿದ ಮಟ್ಟಿಗೆ ಯಾರ ಮನೆಗೂ ಬೆಂಕಿ ಬಿದ್ದಿಲ್ಲ. ಆಟಿಕೆ ಅಂಗಡಿಯ ಕೆಲಸ ಹೋಯಿತು, ಬಾಡಿಗೆ ಕಟ್ಟಲಾಗದೆ ಮುಂದಿನ ತಿಂಗಳು ಕೋಣೆಯೂ ಹೋಗುತ್ತದೆ. ಹಸಿರು ಪೆಟ್ಟಿಗೆ, ಕಪ್ಪು ಪೆಟ್ಟಿಗೆ ಇನ್ನೂ ಸಿಕ್ಕಿಲ್ಲ.