ಬಂಗಲೆಯ ಎದುರು ಆಯಿಯ ಪಾಲು

ಎರಡು ಸಾವಿರದ ಐದೋ ಆರೋ, ಬೇಸಿಗೆ ರಜೆ ಎಂಬುದಷ್ಟೇ ಖಚಿತ. ಅಂಕೋಲೆಯ ಬಳಿ ಕಡಲಿಗೆ ಮುಖ ಮಾಡಿದ್ದ ಐಷಾರಾಮಿ ಬಂಗಲೆಯೊಂದನ್ನು ಅಕ್ಕನೂ ನಾನೂ ಸೇರಿ ಎರಡು ದಿನಕ್ಕೆ ಬಾಡಿಗೆಗೆ ಹಿಡಿದೆವು. ಆಯಿಗಾಗಿ, ನಮ್ಮ ತಾಯಿಗಾಗಿ. ಚೆಂಡಿಯಾದ ನಮ್ಮ ಮನೆಯ ಜಾಗ ನೌಕಾನೆಲೆಗೆ ಹೋದ ಮೇಲೆ ನಾವು ಕಡಲು ಕಾಣದ ಪುನರ್ವಸತಿ ಕಾಲನಿಯಲ್ಲಿದ್ದೆವು. ಅಲ್ಲಿ ಆಯಿ ಪೇಟೆಯಲ್ಲಿ ಮೀನು ಕೊಳ್ಳಬೇಕಾಗಿತ್ತು. ಕೊಂಡು ತಂದಾಗಲೆಲ್ಲ ಯಾರೋ ಬೈದು ಕಳಿಸಿದವರ ಹಾಗೆ ಮುಖ ಮಾಡಿಕೊಂಡು ಬರುತ್ತಿದ್ದಳು.

ಬಂಗಲೆಯ ಎದುರುಗೋಡೆ ಪೂರ್ತಿ ಗಾಜು. ಬಿಳಿ ಸೋಫಾ, ಮಲಗಿ ಸ್ನಾನ ಮಾಡುವ ತೊಟ್ಟಿ, ಮುಖ ಕಾಣುವಂಥ ನೆಲ. ಆಯಿ ಎಲ್ಲವನ್ನೂ ಸುತ್ತಿ ನೋಡಿ, "ಚಂದ ಅದೆ. ಗೋಡೆ ಕಟ್ಟೂಕೆ ಮರ್ತಾರೆ ಕಾಣ್ತದೆ" ಎಂದಳು.

ಮರುದಿನ ಬೆಳಿಗ್ಗೆ ಎದುರಿನ ದಡದಲ್ಲೇ ಮೀನುಗಾರರು ರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಎಳೆಯುವುದು. ಹಗ್ಗ ಹಿಡಿದು ಕಡೆಯ ತನಕ ಎಳೆದವರಿಗೆ ಪಾಲು ಉಂಟು. ಗಂಡಸೋ ಹೆಂಗಸೋ, ಯಾವ ಊರೋ ಕೇಳುವುದಿಲ್ಲ. ಫೋಟೋಕ್ಕೆಂದು ಒಂದು ಗಳಿಗೆ ಹಗ್ಗ ಹಿಡಿಯುವ ಪ್ರವಾಸಿಗರಿಗೆ ಮಾತ್ರ ಪಾಲಿಲ್ಲ. ಖುಷಿಗೆಂದು ಒಂದೆರಡು ಮೀನು ಕೊಟ್ಟು ಕಳಿಸುತ್ತಾರೆ.

ಅಕ್ಕ ಕೊಡಿಸಿದ ಹೊಸ ಸೀರೆಯನ್ನು ಎತ್ತಿ ಕಟ್ಟಿ ಆಯಿ ಹಗ್ಗ ಹಿಡಿದಳು.

"ಅಮ್ಮೋರೆ, ಬಿಡಿ, ಕೈ ಸುಲೀತದೆ," ಎಂದ ಬಲೆಯ ಯಜಮಾನ. "ಫೋಟೋ ಆಯ್ತಲ್ಲ?"

"ನಾ ಎಳೂಕೆ ಬಂದದ್ದು."

"ಬಂಗಲೆಯೋರು ಬಲೆ ಎಳೂಕೆ ನಿಂತ್ರೆ ನಾವು ಬಂಗಲೆಲಿ ಮಲಗ್ವ ಮಾರಾಯಾ!" ಎಂದು ಹಿಂದಿನಿಂದ ಯಾರೋ ನಗಿಸಿದರು.

ಆಯಿ ಹಿಮ್ಮಡಿಯನ್ನು ಮರಳಿಗೆ ಊರಿ ಹಿಂದೆ ಹಿಂದೆ ನಡೆದಳು. ಬಲೆ ದಡ ಮುಟ್ಟುವ ತನಕ ಬಿಡಲಿಲ್ಲ. ನಾನೂ ಎಳೆದೆನೆಂದು ನನ್ನ ನೆನಪು. ನೀನು ಕ್ಯಾಮೆರಾ ಹಿಡಿದು ನಿಂತಿದ್ದೆ ಎನ್ನುತ್ತಾಳೆ ಅಕ್ಕ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಪುರಾವೆ ಕೇಳುವುದನ್ನು. ಪುರಾವೆ ಅಕ್ಕನ ಕಡೆಗಿದೆ: ಆ ಫೋಟೋಗಳಲ್ಲಿ ಎಲ್ಲರೂ ಇದ್ದಾರೆ, ನಾನೊಬ್ಬನಿಲ್ಲ.

ಹಂಚುವ ಮೊದಲು ಯಜಮಾನ ಬೆಲೆಬಾಳುವ ಮೀನು, ಎರಡು ದೊಡ್ಡ ಪಾಪ್ಲೆಟ್ ಆರಿಸಿ ಆಯಿಯ ಮುಂದೆ ಹಿಡಿದ. "ತಕಳಿ ಅಮ್ಮೋರೆ. ನೆಂಟ್ರು ನೀವು."

ಆಯಿ ಮುಟ್ಟಲಿಲ್ಲ. "ನೆಂಟ್ರಿಗೆ ಕೊಡೂದು ಬೇಡ. ನನ್ನ ಪಾಲು ಹಾಕು."

"ಪಾಲಿಗೆ ಬರೂದು ಸಣ್ಣ ಮೀನು, ತಾರ್ಲೆ. ಪಾಪ್ಲೆಟ್ ಬಿಟ್ಟು ತಾರ್ಲೆ ಯಾರು ತಕಂತ್ರು?"

"ನಾ ತಕಂತೆ."

ಎಲ್ಲರೂ ಯಜಮಾನನ ಮುಖ ನೋಡಿದರು. ಅವನು ನಕ್ಕುಬಿಟ್ಟರೆ ಆಯಿ ಇನ್ನೆಂದೂ ಕಡಲ ಕಡೆಗೆ ಬರಲಾರಳು ಎಂದು ನನಗೆ ಹೆದರಿಕೆಯಾಯಿತು. ಅವನು ನಗಲಿಲ್ಲ. ಪಾಪ್ಲೆಟ್‌ಗಳನ್ನು ಬುಟ್ಟಿಗೆ ಎಸೆದು, ಉಳಿದವರ ಸಾಲಿನಲ್ಲೇ ಇನ್ನೊಂದು ಗುಡ್ಡೆ ಹಾಕಿದ. ಸಣ್ಣ ಸಣ್ಣ ತಾರ್ಲೆ, ಎಲ್ಲರದರಷ್ಟೇ.

"ಅಕ್ಕ, ಯಾವ ಊರಾಯ್ತು?" ಎಂದು ಆಯಿಯನ್ನು ಕೇಳಿದ.

"ಚೆಂಡಿಯಾ."

"ಮೊದ್ಲೇ ಹೇಳೂಕೆ ಎಂತ ಆಗಿತ್ತು?"

"ನೀ ಕೇಳಿದ್ಯಾ?"

ಈಗ ಎಲ್ಲರೂ ನಕ್ಕರು, ಆಯಿಯೂ.

ಸೆರಗಿನಲ್ಲಿ ಮೀನು ಕಟ್ಟಿಕೊಂಡು, ನೀರು ಸೋರಿಸುತ್ತ, ಅವಳು ಆ ಹೊಳೆಯುವ ನೆಲದ ಮೇಲೆ ನೇರ ನಡೆದು ಬಂದಳು. ಬಂಗಲೆ ನೋಡಿಕೊಳ್ಳುವವನು, "ಎಷ್ಟಕ್ಕೆ ತಂದ್ರಿ?" ಎಂದು ಕೇಳಿದ.

"ಕೊಂಡದ್ದಲ್ಲ, ದುಡದದ್ದು" ಎಂದಳೆಂದು ನನ್ನ ನೆನಪು. ಆಯಿ ಕತ್ತಿ ಎಲ್ಲಿದೆ ಎಂದಷ್ಟೇ ಕೇಳಿದಳು ಎನ್ನುತ್ತಾಳೆ ಅಕ್ಕ. ಇರಬಹುದು. ಮಧ್ಯಾಹ್ನ ಅವನನ್ನೂ ಊಟಕ್ಕೆ ಕೂರಿಸಿಕೊಂಡು, ಬೇಡವೆಂದರೂ ಕೇಳದೆ, ಎಲ್ಲರಿಗೂ ಮತ್ತೆ ಮತ್ತೆ ತಾರ್ಲೆ ಸಾರು ಬಡಿಸಿದಳು. ಅದರಲ್ಲಿ ಅಕ್ಕನಿಗೂ ನನಗೂ ತಕರಾರಿಲ್ಲ.