ತಮ್ಮನ ಮೊಬೈಲಿಗೆ ಬರುವ ಬೆಂಕಿ

ಉಪಗ್ರಹದ ಕೆಲಸ ಅಂದರೆ ಸಾಕು, ಜನ ನನ್ನನ್ನು ಆಕಾಶದಿಂದ ಇಳಿದವಳ ಹಾಗೆ ನೋಡುತ್ತಾರೆ. ನಾನು ಕೂರುವುದು ಹೈದರಾಬಾದಿನ ಒಂದು ಕಚೇರಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ಉಪಗ್ರಹಕ್ಕೆ ಕಾಡಿನಲ್ಲಿ ಬೆಂಕಿ ಕಂಡರೆ ಆ ಭಾಗವನ್ನು ಕಾಯುವ ಅರಣ್ಯ ರಕ್ಷಕನ ಮೊಬೈಲಿಗೆ ತಾನಾಗಿಯೇ ಸಂದೇಶ ಹೋಗುತ್ತದೆ. ನಕ್ಷೆಯ ಮೇಲಿನ ಕೆಂಪು ಚುಕ್ಕಿ ಸರಿಯಿತ್ತೋ ಸುಳ್ಳೋ ಎಂದು ಆಮೇಲೆ ತಾಳೆ ನೋಡುವುದಷ್ಟೇ ನನ್ನ ಪಾಲಿನದು.

ಆ ಸಂದೇಶ ಪಡೆಯುವವರಲ್ಲಿ ನನ್ನ ತಮ್ಮನೂ ಒಬ್ಬನಾಗಿದ್ದ. ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನ ತಾರ್ನಾಕದಲ್ಲಿ ನೆಲೆಸಿದ ನಮ್ಮ ಮನೆತನದಲ್ಲಿ ಕಾಡು ಕಂಡವರೇ ಇರಲಿಲ್ಲ. ಅವನೊಬ್ಬ ಹಟ ಹಿಡಿದು ಅರಣ್ಯ ರಕ್ಷಕನಾಗಿ ಕೃಷ್ಣೆಯ ದಡದ ಕಾಡಿಗೆ ಹೋದ. ರಜೆಗೆ ಬಂದಾಗಲೆಲ್ಲ ನನ್ನ ಕಾಲೆಳೆಯುತ್ತಿದ್ದ. “ಅಕ್ಕಾ, ನಿನ್ನ ಉಪಗ್ರಹಕ್ಕ ಒಂದು ಚಸ್ಮಾ ಹಾಕಸು. ನಾ ಏದುಸಿರು ಬಿಡಕೋತ ಗುಡ್ಡಾ ಹತ್ತಿ ಹೋದ್ರ, ಅಲ್ಲಿ ಯಾವನೋ ತನ್ನ ಹೊಲದಾಗ ಹತ್ತಿ ಕಟಗಿಗೆ ಬೆಂಕಿ ಹಚ್ಚಿ ಆರಾಮ ಬೀಡಿ ಸೇದಾಕತ್ತಿದ್ದ!” ಅವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಎರಡು ಬೇಸಿಗೆಯ ಹಿಂದೆ ಅವನಿಗೆ ಬಂದ ಸಂದೇಶ ಸುಳ್ಳಾಗಿರಲಿಲ್ಲ. ಮೊಬೈಲನ್ನು ಬೈಕಿನ ಡಬ್ಬಿಯಲ್ಲಿಟ್ಟು, ಹಸಿ ಟೊಂಗೆ ಮುರಿದುಕೊಂಡು ಬೆಂಕಿ ಬಡಿಯಲು ಹೋದ. ಗಾಳಿ ತಿರುಗಿತು. ಬಿದಿರುಮೆಳೆಗಳ ನಡುವೆ ಸಿಕ್ಕಿಬಿದ್ದವನು ಹೊರಗೆ ಬರಲಿಲ್ಲ. ಮೊಬೈಲಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಅವನ ಜೊತೆಯವರು ಅದನ್ನು ತಂದು ಅವ್ವನ ಕೈಗೆ ಕೊಟ್ಟರು.

ಅವ್ವ ಅದಕ್ಕೆ ದಿನಾ ಚಾರ್ಜು ಹಾಕುತ್ತಾಳೆ, ತಿಂಗಳಾದರೆ ತಪ್ಪದೆ ಅಂಗಡಿಗೆ ಹೋಗಿ ರೀಚಾರ್ಜು ಮಾಡಿಸುತ್ತಾಳೆ. ಸಂದೇಶ ಹೋಗುವ ಪಟ್ಟಿಯಿಂದ ಅವನ ನಂಬರನ್ನು ಯಾರೂ ತೆಗೆಸಿರಲಿಲ್ಲವಾದ್ದರಿಂದ ಆ ಕಾಡಿನಲ್ಲಿ ಬೆಂಕಿ ಕಂಡಾಗಲೆಲ್ಲ ಅದು ಟಿಣ್ ಎನ್ನುತ್ತಿತ್ತು. ಕೂಡಲೇ ಅವ್ವ ನನ್ನ ಕಚೇರಿಗೆ ಫೋನು ಹಚ್ಚುವಳು: “ಬೆಂಕಿ ಬಂದೈತಿ. ಯಾರರ ಹೋಗ್ಯಾರೇನು ಕೇಳು.” ಹತ್ತು ಜನರ ನಡುವೆ ನನಗೆ ಅಳು ಬರುತ್ತಿತ್ತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

ಒಂದು ಭಾನುವಾರ ಹೇಳಿಯೇಬಿಟ್ಟೆ. “ಯವ್ವಾ, ಆ ನಂಬರ್ ತೆಗಸ್ತೀನಿ. ಅದು ಬಡಕೊಂಡಾಗೊಮ್ಮೆ ನೀ ಸಾಯಾಕತ್ತಿ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ತೆಗಸಬ್ಯಾಡ. ಇದು ಕರದದ್ದಕ್ಕ ಹೋದಾಂವ ತಿರುಗಿ ಬಂದಾನೋ ಇಲ್ಲೋ ನಾ ನೋಡಬೇಕು. ಈಗ ಅಲ್ಲಿಗೆ ಹೋಗಾಂವ ಯಾರು? ಅವನ ನಂಬರ್ ಕೊಡು.”

ತಮ್ಮನ ಜಾಗಕ್ಕೆ ಬಂದಿದ್ದವನು ಒಬ್ಬ ತೆಲುಗು ಹುಡುಗ. ಹಿಂಜರಿಯುತ್ತಲೇ ಅವನನ್ನು ಕೇಳಿದೆ. ಅಮ್ಮ ಯಾವಾಗ ಬೇಕಾದರೂ ಮಾತಾಡಲಿ ಅಂದ.

ಈ ಫಾಲ್ಗುಣದಲ್ಲಿ ಮತ್ತೆ ಟಿಣ್ ಎಂದಾಗ ನಾನು ಮನೆಯಲ್ಲೇ ಇದ್ದೆ. ಅವ್ವ ತಮ್ಮನ ಮೊಬೈಲಿನಿಂದಲೇ ಆ ಹುಡುಗನಿಗೆ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಚಹಾ ಆರಿಹೋಯಿತು, ಮುಟ್ಟಲಿಲ್ಲ. ನಾನು ಬಾಯಲ್ಲಿ ಫಿಕರ್ ಮಾಡಬೇಡ ಅನ್ನುತ್ತಿದ್ದೆ, ನನ್ನ ಮೊಬೈಲಿನಲ್ಲಿ ನಕ್ಷೆ ತೆರೆದು ಆ ಕೆಂಪು ಚುಕ್ಕಿಯನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಹೊತ್ತು ಇಳಿಯುವಾಗ ಅವನೇ ತಿರುಗಿ ಫೋನು ಮಾಡಿದ. ಬೆಂಕಿ ಆರಿಸಿದ್ದೇವಮ್ಮಾ, ನಾನು ಚೆನ್ನಾಗಿದ್ದೇನೆ ಎಂದು ತೆಲುಗಿನಲ್ಲಿ ಕೂಗಿ ಹೇಳಿದ್ದು ನನಗೂ ಕೇಳಿಸಿತು.

“ಇಂಟಿಕಿ ಪೋ ನಾಯನಾ,” ಎಂದಳು ಅವ್ವ, ಮನೆಗೆ ಹೋಗಪ್ಪಾ ಎಂದು. ಹೋಗುತ್ತಿದ್ದೇನಮ್ಮಾ ಎಂದು ಅವನು ಫೋನಿಟ್ಟ.

ಅವ್ವ ಮೊಬೈಲನ್ನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆ ಯಾರೂ ಇಲ್ಲವೆಂದು ಅವಳಿಗೂ ಗೊತ್ತಿತ್ತು. “ಬಾ ಮಗಾ,” ಎಂದಳು ಕನ್ನಡದಲ್ಲಿ. “ಭಾಳ ಹೊತ್ತಾತು. ಮನೀಗೆ ಬಾ.”